ಎರಡು ಸಾವಿರ ಅಡಿಕೆ ಮರಗಳ ದಾನ

ಮಡಕಶಿರಾ ಸೀಮೆಯ ಅಮರಾಪುರದ ಕಡೆ ಹೊರಟರೆ ಕಲ್ಲುಗುಡ್ಡ, ಶೇಂಗಾ ಹೊಲಗಳ ನಡುವೆ ಅಲ್ಲಲ್ಲಿ ಅಡಿಕೆ ತೋಟಗಳು ಕಣ್ಣಿಗೆ ಬೀಳುತ್ತವೆ. ಈ ಬರದ ನಾಡಿನಲ್ಲಿ ಅಡಿಕೆಯೇ ಎಂದು ಮಲೆನಾಡಿನವರು ಹುಬ್ಬೇರಿಸಿಯಾರು. ಆದರೆ ಇಲ್ಲಿನ ಅಡಿಕೆಗೆ ಏಳು ಶತಮಾನ ಮೀರಿದ ಶಾಸನದ ಸಾಕ್ಷಿಯಿದೆ. ಅದೂ ನಮ್ಮ ಜಿನಾಲಯವೊಂದಕ್ಕೆ ಸೇರಿದ ಶಾಸನ.

ಶಕವರ್ಷ 1200, ಅಂದರೆ ಕ್ರಿ.ಶ. 1278. ನಿಡುಗಲ್ಲಿನ ಚೋಳ ಅರಸ ಇರುಂಗೋಳನ ಕಾಲ. ಬಾಲೇಂದು ಮಲಧಾರಿದೇವರ ಶಿಷ್ಯನಾದ ಮಲ್ಲಿಸೆಟ್ಟಿ ಎಂಬ ಶ್ರಾವಕನು ತಮ್ಮಡಿಹಳ್ಳಿಯ 2000 ಅಡಿಕೆ ಮರಗಳನ್ನು ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ದಾನವಿತ್ತನು. ಹೊನ್ನು ಕೊಟ್ಟರೆ ಒಮ್ಮೆಗೆ ಖರ್ಚಾದೀತು; ಮರ ವರ್ಷ ವರ್ಷವೂ ಫಲ ಕೊಡುತ್ತದೆ. ದಾನಿಯ ದೂರದೃಷ್ಟಿ ಮೆಚ್ಚತಕ್ಕದ್ದು.

ಅಂದು ಕೊಳವೆಬಾವಿ ಇರಲಿಲ್ಲ. ಕೆರೆ, ಬಾವಿಗಳ ನೀರು ಎಷ್ಟೋ ತೋಟವೂ ಅಷ್ಟೇ. ಇಂದು ಒಂದು ಬಾವಿ ಬತ್ತಿದರೆ ಇನ್ನೊಂದು, ಅದಕ್ಕಿಂತ ಆಳಕ್ಕೆ. ಈ ಸೀಮೆಯ ವರ್ಷದ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಅಡಿಕೆಗೋ ವರ್ಷವಿಡೀ ತೇವ ಬೇಕು. ಸಾಲ ಮಾಡಿ ಕೊರೆಸಿದ ಬಾವಿ ಕೈಕೊಟ್ಟರೆ ಆರೇಳು ವರ್ಷ ಮಗುವಿನಂತೆ ಸಾಕಿದ ತೋಟ ಒಂದೇ ಬೇಸಿಗೆಯಲ್ಲಿ ಒಣಗುತ್ತದೆ.

ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕೆಂಬುದು ತಜ್ಞರ ಲೆಕ್ಕ. ಎಕರೆಗೆ 550 ಮರವೆಂದರೆ 11 ಸಾವಿರ ಲೀಟರ್. ಮಲ್ಲಿಸೆಟ್ಟಿಯ ತೋಟಕ್ಕಾದರೆ 40 ಸಾವಿರ! ಆದ್ದರಿಂದ ಸಣ್ಣ ರೈತರು ನೀರನ್ನು ಅಳೆದು ಮರ ನೆಡಬೇಕು. ಬಿದ್ದ ಸೋಗೆಯನ್ನು ಸುಡದೆ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ಎಳೆಯ ಸಸಿಗೆ ಬಾಳೆಯ ನೆರಳು ಒಳ್ಳೆಯದು. ಉಳಿದ ಹೊಲದಲ್ಲಿ ರಾಗಿ, ಬದುವಿನಲ್ಲಿ ಹುಣಸೆ, ಸೀತಾಫಲ ಇರಲಿ. ರಾಯದುರ್ಗದ ಕಡೆ, ಕಣೇಕಲ್ಲು ಭಾಗದಲ್ಲಿ ಹಗರಿಯ ಮರಳು ಹೊಲಗಳಿಗೆ ಹರಡಿರುವುದನ್ನು ಕಂಡವರಿಗೆ ಮರದ ಬೆಲೆ ಬೇರೆ ಹೇಳಬೇಕಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಮಂಗಳಕಾರ್ಯದ ತಟ್ಟೆಯಲ್ಲಿ ಅಡಿಕೆ ಇರಲಿ. ಮಕ್ಕಳ ಬಾಯಿಗೆ ಗುಟ್ಕಾ ಸೇರದಿರಲಿ. ಒಂದೇ ಬೆಳೆಯನ್ನು ನಂಬಿ ಕೂರದಿರಲು ಇದೂ ಒಂದು ಕಾರಣ.

ನೀರನ್ನು ಸೋಸಿ ಕುಡಿಯುವವರು ನಾವು; ನೀರನ್ನೇ ಏಕೇಂದ್ರಿಯ ಜೀವವೆಂದು ತಿಳಿದವರು. ಪರಿಗ್ರಹ ಪರಿಮಾಣ ವ್ರತವನ್ನು ಹೊನ್ನು, ಮನೆಗಳಿಗೆ ಹೇಳುವಂತೆ ಕೊಳವೆಬಾವಿಗೂ ಹೇಳಿಕೊಳ್ಳೋಣ. ಪಕ್ಕದ ಹೊಲದವನ ಬಾವಿ ಬತ್ತಿಸಿ ಬೆಳೆದ ಫಲ ದಾನಕ್ಕೆ ಯೋಗ್ಯವೇ? ಶ್ರಾವಕ ಬಂಧುಗಳು ಯೋಚಿಸಬೇಕು.