ಮಗುವಿನ ಕಣ್ಣಿಗೆ ಸುರ್ಮಾ ಹಚ್ಚುವ ಮುನ್ನ

ಕೂಸಿನ ಕಣ್ಣಿಗೆ ಸುರ್ಮಾ ಹಚ್ಚುವುದು ನಮ್ಮ ಮನೆಗಳ ಹಳೆಯ ರೂಢಿ. ಆದರೆ ನಿಮ್ಮ ಸುರ್ಮಾದಾನಿಯೊಳಗೆ ಇರುವುದೇನು? ಅದು ಅಂಜನದ ಕಲ್ಲಿನ, ಅಂದರೆ ಆಂಟಿಮನಿಯ ಪುಡಿ ಎಂದು ಹಿರಿಯರು ತಿಳಿದಿದ್ದಾರೆ. ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ ಹಲವು ಸುರ್ಮಾಗಳಲ್ಲಿ ಕಂಡದ್ದು ಸೀಸದ ಅದಿರು; ಕೆಲವದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ.

ಮಗು ಕಣ್ಣುಜ್ಜಿದ ಬೆರಳನ್ನು ಬಾಯಿಗಿಡುತ್ತದೆ. ಹೊಟ್ಟೆ ಸೇರಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕ್ಯಾಲ್ಸಿಯಂ ಎಂದೇ ಭ್ರಮಿಸಿ ಅದನ್ನು ಮೂಳೆಗೆ, ಮಿದುಳಿಗೆ ಒಯ್ಯುತ್ತದೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಹೆಣೆದುಕೊಳ್ಳುವ ವಯಸ್ಸದು. ಮುಂದೆ ಶಾಲೆಯಲ್ಲಿ ಪಾಠದ ಮೇಲೆ ಗಮನ ನಿಲ್ಲುವುದಿಲ್ಲ, ಕಲಿಕೆ ಹಿಂದೆ ಬೀಳುತ್ತದೆ, ಸಿಡುಕು ಹೆಚ್ಚುತ್ತದೆ. ನಾವು ಮಗುವನ್ನೇ ಬಯ್ಯುತ್ತೇವೆ! ಎಲ್ಲ ತುಂಟತನಕ್ಕೂ ಸೀಸವೇ ಕಾರಣವಲ್ಲ, ನಿಜ. ಆದರೆ ಮಿದುಳಿಗಾದ ಹಾನಿ ಮರಳಿ ಸರಿಹೋಗದಿರಬಹುದು. ಇಷ್ಟಾದರೆ ಪರವಾಗಿಲ್ಲ ಎಂಬ ಮಟ್ಟವೇ ಸೀಸಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಳೆಯ ಬಾಗಿಲು, ಕಿಟಕಿಗಳಿಂದ ಉದುರುವ ಪೇಂಟಿನ ಚಕ್ಕೆಯೂ ಇಂಥದ್ದೇ. ಬ್ಯಾಟರಿ ಕೆಲಸದವರ ಬಟ್ಟೆಯಲ್ಲೂ ಸೀಸದ ಧೂಳು ಮನೆಗೆ ಬರುತ್ತದೆ. ತಂದೆ ಬಟ್ಟೆ ಬದಲಿಸಿ, ಸ್ನಾನ ಮಾಡಿ ಮಗುವನ್ನೆತ್ತಿಕೊಳ್ಳಲಿ. ನೆಲವನ್ನು ಒಣಪೊರಕೆಯ ಬದಲು ಒದ್ದೆಬಟ್ಟೆಯಿಂದ ಒರೆಸಿ. ಹಾಲು, ರಾಗಿ, ಸೊಪ್ಪು ತಿನ್ನುವ ಮಗುವಿನ ದೇಹ ಸೀಸವನ್ನು ಕಡಿಮೆ ಹೀರುತ್ತದೆ.

ಸುರ್ಮಾವನ್ನಂತೂ ಮಕ್ಕಳಿಗೆ ಹಚ್ಚಲೇಬೇಡಿ. ಈಗಾಗಲೇ ಹಚ್ಚಿದ್ದರೆ ಮಕ್ಕಳ ವೈದ್ಯರಿಗೆ ತಿಳಿಸಿ. ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷಿಸಬಹುದು. ಸುರ್ಮಾದಾನಿಯನ್ನೂ ಜೊತೆಗೆ ಒಯ್ಯಿರಿ.