ರದ್ದಿಗೆ ಹಾಕುವ ಮುನ್ನ

ಮಹಾನವಮಿಗೆ ಮುನ್ನ ಮನೆಗೆ ಸುಣ್ಣ ಬಳಿಯುವ ದಿನಗಳಲ್ಲಿ ಮಾನ್ವಿ, ದೇವದುರ್ಗದ ಕಡೆಯ ಹಳೆಯ ಮನೆಗಳ ಅಟ್ಟದಿಂದ ಕಾಗದದ ಗಂಟುಗಳು ಕೆಳಗಿಳಿಯುತ್ತವೆ. ಕಂದಾಯದ ರಸೀದಿ, ಸೊಸೈಟಿ ಸಾಲದ ಚೀಟಿ, ಲಗ್ನಪತ್ರಿಕೆ, ಬೀಜದಂಗಡಿಯ ಬಿಲ್ಲು ಎಲ್ಲವೂ ಅದರಲ್ಲಿ ಕಲೆತಿರುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ರದ್ದಿಗೆ ಹಾಕಬೇಕು? ಸಾಮಾನ್ಯವಾಗಿ ಓದಲು ಬಂದದ್ದು ಉಳಿಯುತ್ತದೆ, ಬಾರದ್ದು ಹೋಗುತ್ತದೆ. ರಾಯಚೂರು ಜಿಲ್ಲೆಯ ಮಟ್ಟಿಗೆ ಇದು ತಲೆಕೆಳಗಾದ ಕ್ರಮ.

ಹಿಂದಿನವರಿಗೆ ಈ ವಿಂಗಡಣೆ ಸುಲಭವಾಗಿತ್ತು. ದಾನದತ್ತಿಗಳಿಗೆ ಕಲ್ಲು, ತಾಮ್ರಪಟ. ದಿನದ ಲೆಕ್ಕಕ್ಕೆ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ ಮಡಚಿದ ಪುಸ್ತಕವೇ ಕಡತ. ಬಳಪದಿಂದ ಬರೆದದ್ದನ್ನು ಲೆಕ್ಕ ತೀರಿದ ಮೇಲೆ ಅಳಿಸಬಹುದಿತ್ತು. ಕಾಗದ ಬಂದ ಮೇಲೆ ಶಾಶ್ವತವಾದದ್ದೂ ಅಂದಿಗಷ್ಟೇ ಬೇಕಾದದ್ದೂ ಒಂದೇ ಗಂಟಿಗೆ ಸೇರಿದವು.

ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದರ ಇನ್ನೊಂದು ಪ್ರತಿ ಎಲ್ಲಿದೆ ಎಂಬುದು. ಈಚಿನ ಪಹಣಿ ಗಣಕಯಂತ್ರದಲ್ಲಿದೆ, ಬೇಕೆಂದಾಗ ತೆಗೆಸಬಹುದು. ನೋಂದಣಿಯಾದ ಖರೀದಿ ಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೊರೆಯುತ್ತದೆ. ಆದರೆ ಅಣ್ಣತಮ್ಮಂದಿರು ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದುಕೊಂಡ ವಾಟ್ನಿ ಪತ್ರ ಮನೆಯಲ್ಲಿ ಬಿಟ್ಟರೆ ಎಲ್ಲಿಯೂ ಇರುವುದಿಲ್ಲ. ಎರಡನೆಯ ಪ್ರಶ್ನೆ, ವ್ಯವಹಾರ ಮುಗಿಯಿತೇ ಎಂಬುದು. ಬೀಜದ ಬಿಲ್ಲು ಬೆಳೆ ಕೈಗೆ ಬರುವವರೆಗೆ ಬೇಕು; ಬೀಜ ಹುಸಿಯಾದರೆ ಪರಿಹಾರ ಕೇಳಲು ಅದೇ ಆಧಾರ. ಸಾಲದ ಕಂತಿನ ಚೀಟಿಗಳನ್ನು ಸಾಲ ತೀರಿದ ಮೇಲೆ ಬಿಡಬಹುದು. ಬೇಬಾಕಿ ಪತ್ರವನ್ನು ಮಾತ್ರ ಬಿಡುವಂತಿಲ್ಲ.

ಮೂರನೆಯದು ಈ ಸೀಮೆಯದೇ ಪ್ರಶ್ನೆ. ರಾಯಚೂರು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು; 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿತು. ಅಲ್ಲಿಯವರೆಗಿನ ಅನೇಕ ಜಮೀನು ದಾಖಲೆಗಳು ಉರ್ದುವಿನಲ್ಲಿವೆ. ಆ ಆಡಳಿತ ಫೌತಿ, ರಸೀದಿ, ದಸ್ತಾವೇಜುಗಳಂಥ ಮಾತುಗಳನ್ನು ನಮ್ಮ ಬಾಯಲ್ಲಿ ಉಳಿಸಿ ಹೋಯಿತು. ಆದರೆ ಆ ಲಿಪಿ ಬಹಳ ಮನೆಗಳಲ್ಲಿ ಈಗ ಯಾರಿಗೂ ಬಾರದು. ಮೊಮ್ಮಕ್ಕಳಿಗೆ ಅದು ಗೀಚಿದ ಕಾಗದ. ತೇದಿಯೂ ಗೊಂದಲ ಹುಟ್ಟಿಸುತ್ತದೆ: ಅದು ಫಸಲಿ ವರ್ಷ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ. 1357 ಫಸಲಿ ಎಂದರೆ 1947-48. ಹಣವೂ ನಿಜಾಮರ ಹಾಲಿ ರೂಪಾಯಿಯಲ್ಲಿರುತ್ತದೆ. ಊರಿನ ಉರ್ದು ಬಲ್ಲ ಹಿರಿಯರಿಂದಲೋ ಮಾಸ್ತರರಿಂದಲೋ ಓದಿಸಿ, ಸರ್ವೆ ನಂಬರು, ಹೆಸರು, ವರ್ಷಗಳನ್ನು ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಡಬೇಕು. ಓದಿಸುವ ತನಕ ಅಂಥ ಒಂದು ಚೂರೂ ಹೊರಗೆ ಹೋಗಬಾರದು.

ಇಂಥ ಕಾಗದಕ್ಕೆ ಕಾನೂನಿನಲ್ಲಿಯೂ ಬೆಲೆಯುಂಟು. 1872ರ ಸಾಕ್ಷ್ಯ ಅಧಿನಿಯಮದ 90ನೇ ಕಲಮಿನಂತೆ, 30 ವರ್ಷ ಹಳೆಯ ದಸ್ತಾವೇಜು ಇರಬೇಕಾದವರ ಬಳಿಯಿಂದಲೇ ಹಾಜರಾದರೆ, ಅದರ ರುಜು ಮತ್ತು ಕೈಬರಹ ನಿಜವೆಂದು ನ್ಯಾಯಾಲಯ ಭಾವಿಸಬಹುದಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನೂ ಇದನ್ನು ಉಳಿಸಿಕೊಂಡಿದೆ. ಕಾಗದ ಯಾರ ಮನೆಯಲ್ಲಿ ಉಳಿದಿತ್ತು ಎಂಬುದೇ ಅದರ ಬಲದ ಒಂದು ಪಾಲು.

ತೀರಿಕೊಂಡವರ ಶಾಲೆಯ ಟಿ.ಸಿ. ಯಾರಿಗೆ ಬೇಕು ಎಂದೂ ಅನಿಸಬಹುದು. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ 2013ರಲ್ಲಿ ಜಾರಿಯಾದ ಮೇಲೆ ಈ ಭಾಗದವರೆಂದು ತೋರಿಸಲು ಹುಟ್ಟು, ವಾಸ, ವ್ಯಾಸಂಗದ ದಾಖಲೆಗಳಿಗೆ ಬೆಲೆ ಬಂತು. ಮುಂದೆ ಯಾವ ಕಾಗದ ಬೇಕಾದೀತೆಂದು ಹಿಂದಿನವರು ಊಹಿಸಿರಲಿಲ್ಲ.

ಕಚೇರಿಗೆ ಬೇಡವಾದರೂ ನಾಡಿಗೆ ಬೇಕಾದವು ಇನ್ನೊಂದು ಬಗೆ. ಇದು ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಸೀಮೆ. ದಾಸರ ಹಾಡುಗಳು ಅಚ್ಚಿಗೆ ಬರುವ ಮೊದಲು ಮನೆಮನೆಯ ಕೈಬರಹದ ಪುಸ್ತಕಗಳಲ್ಲಿದ್ದವು. ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರಂಥವರು ಅವನ್ನು ಹುಡುಕಿ ಪ್ರಕಟಿಸಿದ್ದರಿಂದ ಎಷ್ಟೋ ಹಾಡುಗಳು ನಮಗೆ ದಕ್ಕಿದವು. ಅಜ್ಜಿಯ ಹಾಡಿನ ಪುಸ್ತಕವನ್ನೂ ಜಮೀನು ಪತ್ರದಷ್ಟೇ ಜೋಪಾನ ಮಾಡಬೇಕು.

ಉಳಿಸುವ ಕ್ರಮ ಸರಳ. ತುಕ್ಕು ಹಿಡಿದ ಗುಂಡುಸೂಜಿ ತೆಗೆಯಿರಿ. ಅಂಟುಪಟ್ಟಿ, ಲ್ಯಾಮಿನೇಷನ್ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. ಯಂತ್ರದಿಂದ ಬರುವ ನುಣುಪು ರಸೀದಿಗಳ ಅಕ್ಷರ ಮಾಸುತ್ತದೆ, ಝೆರಾಕ್ಸ್ ಮಾಡಿಸಿಡಿ. ತಗಡಿನ ಪೆಟ್ಟಿಗೆಯನ್ನು ಮಣ್ಣಿನ ಗೋಡೆಗೆ ತಾಗಿಸದೆ ಎತ್ತರದಲ್ಲಿಟ್ಟರೆ ಗೆದ್ದಲಿನ ಭಯ ಕಡಿಮೆ. ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ಮೇಲೆಯೇ ಇಟ್ಟು, ಮನೆಯ ಹೆಣ್ಣುಮಕ್ಕಳಿಗೂ ತಿಳಿಸಿರಬೇಕು. ಯಜಮಾನ ತೀರಿಕೊಂಡ ಮರುದಿನದಿಂದ ಆ ಪೆಟ್ಟಿಗೆಯಲ್ಲಿ ಹುಡುಕಬೇಕಾದವರು ಅವರೇ.