ವೀರಗಲ್ಲು ಸಮರಚಿತ್ರವೇ?

ಕರಾವಳಿಯ ಹಳೆಯ ದೇವಾಲಯಗಳ ಅಂಗಳದಲ್ಲಿಯೋ ಗದ್ದೆಯ ಬದುವಿನಲ್ಲಿಯೋ ನಿಂತಿರುವ ವೀರಗಲ್ಲನ್ನು ಕಂಡವರು, ಅದು ನಡೆದ ಯುದ್ಧದ ಯಥಾವತ್ತಾದ ಚಿತ್ರವೆಂದೂ, ಮೇಲಿನ ಪಟ್ಟಿಕೆಯಿಂದ ಕೆಳಕ್ಕೆ ಓದತಕ್ಕ ಕಥೆಯೆಂದೂ, ಖಡ್ಗವನ್ನೆತ್ತಿ ನಿಂತವನು ಗೆದ್ದ ಅರಸನೆಂದೂ ಬಗೆಯುವುದುಂಟು. ಈ ಮೂರೂ ಸಲ್ಲವು.

ಕಲ್ಲನ್ನು ಓದುವುದು ಕೆಳಗಿನಿಂದ. ತಳದಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ತುದಿಯಲ್ಲಿ ಶಿವಲಿಂಗದ, ಜೈನನಾಗಿದ್ದರೆ ಜಿನಬಿಂಬದ, ಸನ್ನಿಧಿಯಲ್ಲಿ ಅವನು ಕುಳಿತಿರುವುದು. ಹಗೆಗಳಿಗಿಂತ ವೀರನ ಆಕೃತಿ ಹಿರಿದಾಗಿರುವುದು ಗೌರವದ ಅಳತೆಯೇ ಹೊರತು ದೇಹದ ಅಳತೆಯಲ್ಲ. ಅವನು ಗೆದ್ದವನಲ್ಲ, ಮಡಿದವನು. ಬಹುಮಟ್ಟಿಗೆ ಅರಸನೂ ಅಲ್ಲ, ಊರಿನ ತುರುಗಳನ್ನು ಮರಳಿಸಲು ಹೋಗಿ ಬಿದ್ದ ಸಾಮಾನ್ಯ ಬಂಟ. 10ನೆಯ ಶತಮಾನದ ಆತಕೂರಿನ ಕಲ್ಲಂತೂ ಕಾಡುಹಂದಿಯೊಡನೆ ಹೋರಿ ಸತ್ತ ಕಾಳಿಯೆಂಬ ನಾಯಿಯ ಸ್ಮಾರಕ!

ಮಡಿದವರೆಲ್ಲರೂ ಪರದೇಶದ ವೈರಿಯನ್ನು ಎದುರಿಸಿದವರೆಂಬ ಭಾವನೆಯನ್ನು ಉದ್ಯಾವರದ ಶಾಸನಗಳು ನಿರಾಕರಿಸುತ್ತವೆ. ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿರುವ ಈ ಊರು ಆಳುಪರ ಕಾಲದ ಉದಯಪುರ. 8ನೆಯ ಶತಮಾನದ ಸುಮಾರಿಗೆ ರಣಸಾಗರ, ಶ್ವೇತವಾಹನ ಮೊದಲಾದವರು ಅದರ ಒಡೆತನಕ್ಕಾಗಿ ತಮ್ಮತಮ್ಮೊಳಗೇ ಕಾದಿದಾಗ, ಒಡೆಯರ ಛಲಕ್ಕೆ ಪ್ರಾಣತೆತ್ತ ಆಳುಗಳ ಹೆಸರುಗಳು ಅಲ್ಲಿಯ ಕನ್ನಡ ಶಾಸನಗಳಲ್ಲಿ ಉಳಿದಿವೆ.

ಜೈನರ ನಾಡಿನಲ್ಲಿ ವೀರರಿಗೆ ಎಡೆಯೆಲ್ಲಿಯದೆಂದು ಕೇಳುವವರೂ ಇದ್ದಾರೆ. ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ ಗೊಮ್ಮಟನು, ಅಣ್ಣನಾದ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೋಲಿಸಿದ ಬಾಹುಬಲಿಯೇ ಅಲ್ಲವೆ?

ಇನ್ನು ವೇಷದ ಮಾತು. ಮಧ್ಯಯುಗದ ಯೋಧನೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕ. ಹಗುರವಾದ ಮರಕ್ಕೆ ಹೊಳಪು ಹಚ್ಚಿದ ಆ ಆಭರಣಗಳು ದೀಪದ ಬೆಳಕಿಗೆ ಒಪ್ಪತಕ್ಕವು, ಕತ್ತಿಯ ಏಟಿಗಲ್ಲ. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವವನು ಬರಿಮೈಯವನು, ತುರುಬು ಕಟ್ಟಿದವನು, ನಡುವಿನಲ್ಲಿ ಕಠಾರಿ ಸಿಕ್ಕಿಸಿದವನು. ಯೂರೋಪಿನ ಹಸ್ತಪ್ರತಿಗಳ ಚಿತ್ರಕಾರರೂ ಪ್ರಾಚೀನನಾದ ಅಲೆಕ್ಸಾಂಡರನಿಗೆ ತಮ್ಮ ಕಾಲದ ಉಕ್ಕಿನ ಕವಚವನ್ನೇ ತೊಡಿಸಿದ್ದರು. ರಥವೂ ಹಾಗೆಯೇ, ಮಹಾಭಾರತದ ಶಿಲ್ಪಗಳಲ್ಲಿ ಅದು ಓಡುತ್ತಲೇ ಇದ್ದರೂ, ರಣಭೂಮಿಯಿಂದ ಎಂದೋ ಮರೆಯಾಗಿತ್ತು. ಕಾಳಗದ ವಿವರವನ್ನೇ ಕಾಣಬಯಸುವವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ಬೇಗೂರಿನ ಕಲ್ಲಿನ ಮುಂದೆ ನಿಲ್ಲಬೇಕು: ಅಲ್ಲಿ ಆನೆಯಿದೆ, ಕುದುರೆಯಿದೆ, ಕಾಲಾಳುಗಳ ದಟ್ಟಣೆಯಿದೆ, ರಥ ಮಾತ್ರ ಇಲ್ಲ.